ಲಾರಿಯ ಮೇಲೆ ಕೂತಿದ್ದ ನನ್ನ ತಮ್ಮನ ಬುದ್ಧಿಯ ವಿಷಯ

ಠಾಣೆಯ ಸಾಹೇಬರ ಮಂಡಿನೋವು, ರೈಟರ್ ಅವರ ಕೆಮ್ಮು ಇಳಿದಿರಬೇಕು. ನನಗೆ ನೀರು ಕೊಟ್ಟ ಕಾವಲಿನ ತಂಗಿಯೂ ಕ್ಷೇಮವೆಂದು ನಂಬಿದ್ದೇನೆ.

ನನ್ನ ವಯಸ್ಸು ಎಪ್ಪತ್ತನಾಲ್ಕು. ಕಸುಬು ಕುರ್ಚಿ ದುರಸ್ತಿ. ವಾಸ ಬೇಕರಿಯ ಮೇಲಿನ ಎರಡು ಕೋಣೆ. ಕುರ್ಚಿ ತಾತ ಅಂದರೆ ಯಾರಾದರೂ ತೋರಿಸುತ್ತಾರೆ. ನನ್ನ ಕೈಯಾರೆ ಬರೆದು ತಿಳಿಸುವುದು ಇಷ್ಟು.

ಮಾಜಿ ಸೈನಿಕರ ಮೆರವಣಿಗೆಗೆ ಬಂದೂಕು ಬೇಕೇ ಬೇಡವೇ ಎಂದು ಸಂಘದ ಸಭೆಯಲ್ಲಿ ಚರ್ಚೆಯಾದಾಗ ನಾನು ಅಲ್ಲಿದ್ದೆ. ಬೇಕೆಂದು ಮೊದಲು ಹೇಳಿದವನು ನನ್ನ ತಮ್ಮನೇ. ಅಷ್ಟು ವರ್ಷ ಹೆಗಲಿಗೆ ಹಾಕಿಕೊಂಡದ್ದನ್ನು ಈಗ ಬಚ್ಚಿಡಲು ನಾವೇನು ಕಳ್ಳತನಕ್ಕೆ ಹೋಗಿದ್ದೆವೇ ಎಂದು ಕೇಳಿದ. ಆದರೆ ಹೆಗಲ ಮೇಲೆಯೇ ಇರಲಿ, ಸದ್ದು ಬೇಡ ಎಂದ. ಸದ್ದಿಲ್ಲದಿದ್ದರೆ ಶಾಲೆ ಬಿಟ್ಟ ಹಾಗೆ ಕಾಣುತ್ತದೆ ಎಂದು ಕಾರ್ಯದರ್ಶಿ ನಗಾಡಿದರು. ಕಡೆಗೆ, ಹಾರಿಸುವುದಿಲ್ಲವೆಂದು ಎಲ್ಲರೆದುರು ಮಾತು ಕೊಟ್ಟರು.

ನಡೆಯಲಾಗದ ನಾಲ್ವರಿಗೆ ಲಾರಿಯ ಮೇಲೆ ಕುರ್ಚಿ ಜೋಡಿಸಿದವನು ನಾನು. ತಿರುವಿನಲ್ಲಿ ಬೀಳಬಾರದೆಂದು ಸೊಂಟಕ್ಕೆ ಬೆಲ್ಟು ಹಾಕಿ, ಪದಕಗಳಿಗೆ ತಗಲಬಾರದೆಂದು ಬಕಲ್ಲನ್ನು ಬೆನ್ನ ಹಿಂದೆ ಇಟ್ಟೆ. "ಅಣ್ಣಾ, ಪಾರ್ಸಲ್ ಕಟ್ಟಿದ ಹಾಗೆ ಕಟ್ಟಿದೀಯಲ್ಲೋ" ಎಂದು ತಮ್ಮ ನಕ್ಕ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊರಟ ಮೆರವಣಿಗೆ ಹತ್ತೂ ಇಪ್ಪತ್ತಕ್ಕೆ ಅಂಚೆ ಕಚೇರಿಯ ಚೌಕಕ್ಕೆ ಬಂತು. ಜನ ಕಡಿಮೆ ಇದ್ದರು. ಕಾರ್ಯದರ್ಶಿ ಕರವಸ್ತ್ರ ಎತ್ತಿ ಸನ್ನೆ ಮಾಡಿದರು. ಲಾರಿಗೆ ಒತ್ತಿಕೊಂಡೇ ನಿಂತಿದ್ದ ಊರಿನ ಆರು ಜನ ಬಂದೂಕು ಹಾರಿಸಿದರು. ಬರೀ ಸದ್ದಿನ ತೋಟಾ ಎಂದು ಆಮೇಲೆ ತಿಳಿಯಿತು. ನಡೆದು ಬರುತ್ತಿದ್ದ ಮುದುಕರೆಲ್ಲ ರಸ್ತೆಯ ಮೇಲೆ ಬೋರಲು ಬಿದ್ದರು. ಜನ ಅದನ್ನೂ ಕವಾಯತು ಅಂದುಕೊಂಡು ಚಪ್ಪಾಳೆ ತಟ್ಟಿದರು. ನನ್ನ ತಮ್ಮನಿಗೆ ಬೀಳಲೂ ಆಗಲಿಲ್ಲ.

ಎರಡನೇ ಸಲ ಹಾರಿಸಿದರು. ನಾನು ಲಾರಿ ಹತ್ತಿ ಬಕಲ್ ಹಿಡಿದೆ. ಅವನು ಎಳೆದಷ್ಟೂ ಅದು ಬಿಗಿಯಾಯಿತು. ಮೂರನೆಯದಕ್ಕೆ ಬಂದೂಕು ಎತ್ತಿದಾಗ ಅವನು ಪಕ್ಕದಲ್ಲಿ ಬಂದೂಕು ಹಿಡಿದು ನಿಂತಿದ್ದವನ ಮುಖಕ್ಕೆ ಊರುಗೋಲು ಬೀಸಿದ. ಎರಡು ಹಲ್ಲು ಹೋದವು. ಅದನ್ನು ನಾನು ಕಣ್ಣಾರೆ ಕಂಡೆ. ಪೆಟ್ಟು ತಿಂದವನು ಹಾಲಿನ ವ್ಯಾನಿನ ಡ್ರೈವರ್, ಒಳ್ಳೆಯವನು. ಗೌರವಕ್ಕೆ ತಾನೇ ಹಾರಿಸಿದ್ದು ಎಂದು ಬಾಯಿಗೆ ಬಟ್ಟೆ ಒತ್ತಿಕೊಂಡು ಕೇಳಿದ.

ನಿನ್ನೆ ಸಾಹೇಬರು, "ತಾತಾ, ಅವರಿಗೆ ತಲೆ ಸರಿಯಿಲ್ಲ ಅಂತ ಒಂದು ಸಾಲು ಬರೆದುಬಿಡಿ, ಕೇಸು ಇಲ್ಲಿಗೇ ಮುಗಿಯುತ್ತೆ" ಎಂದರು. ಅದು ಅವರ ಒಳ್ಳೆಯ ಮನಸ್ಸು. ಆದರೆ ಹಾಗೆ ಬರೆದರೆ ಸೈನಿಕರ ವಸತಿಗೃಹದಲ್ಲಿ ಅವನ ಕೋಣೆ ಹೋಗುತ್ತದೆ, ಆಸ್ಪತ್ರೆಯಲ್ಲಿ ಬೀಗ ಹಾಕುವ ವಾರ್ಡಿಗೆ ಕಳಿಸುತ್ತಾರೆ. ಬರೆಯದಿದ್ದರೆ ಜೈಲು. ನನ್ನ ಮನೆಯ ಮೆಟ್ಟಿಲು ಅವನು ಹತ್ತಲಾರ, ನಾನು ಎತ್ತಲಾರೆ.

ಅವನನ್ನೇ ಕೇಳಿದೆ. "ಹುಚ್ಚ ಅಂತ ಬರಿ ಅಣ್ಣಾ. ಸದ್ದು ಬೇಡ ಅಂದಿದ್ದೂ ಈ ಹುಚ್ಚನೇ ಅಂತ ಸೇರಿಸು" ಎಂದ.

ಆ ಸಾಲು ನಾನು ಬರೆಯುವುದಿಲ್ಲ. ಅವನ ಬುದ್ಧಿ ನೆಟ್ಟಗಿದೆ, ಭಾನುವಾರವೂ ನೆಟ್ಟಗಿತ್ತು. ಇದರಿಂದ ಏನಾಗಬಹುದೆಂದು ಗೊತ್ತಿದ್ದೇ ಬರೆದಿದ್ದೇನೆ. ಮಾತು ಕೊಟ್ಟು ಕರವಸ್ತ್ರ ಎತ್ತಿದವರ ಹೇಳಿಕೆಯನ್ನೂ ದಯವಿಟ್ಟು ಪಡೆಯಿರಿ.

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ; ಎರಡು ಸಲ ಓದಿಕೊಂಡಿದ್ದೇನೆ. ಠಾಣೆಯ ಬೆಂಚಿನ ಮೇಲೆ, ಮಂಗಳವಾರ.

ಜೈಲೋ, ವಾರ್ಡೋ, ಕೋಣೆಯೋ, ಬೇಗ ಒಂದು ಸಾಲು ಬರೆಯಿರಿ. ಅವನು ವಸತಿಗೃಹದ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟುಕೊಂಡು ಕೂತಿದ್ದಾನೆ.

ಸಹಿ,
ಅವನ ಅಣ್ಣ