ಹೆಬ್ಬೆಟ್ಟಿನ ನೀಲಿ

ನ್ಯಾಮತಿಯಲ್ಲಿ ಬಸ್ಸು ಹತ್ತಿದ ಯಶೋಧರಾಗೆ ಸಿಕ್ಕಿದ್ದು ಯಾರೋ ಅತ್ತೆ ಸೊಸೆಯರ ಹಿಂದಿನ ಸೀಟು. ಸೊಸೆ ಕಣ್ಣು ಕಾಣದ ತುಂಬು ಬಸುರಿ. ಬಲಗೈ ಹೆಬ್ಬೆಟ್ಟನ್ನು ಮತ್ತೆ ಮತ್ತೆ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಅದರ ಮೇಲಿದ್ದ ನೀಲಿ ಕಲೆ ಯಶೋಧರಾಗೆ ಚೆನ್ನಾಗಿಯೇ ಕಾಣುತ್ತಿತ್ತು.

"ಅತ್ತೆ, ಹೆಬ್ಬೆಟ್ಟು ಇಂಕಿನ ವಾಸನೆ ಹೊಡೀತೈತೆ."

"ರೇಷನ್ನಿಗೆ ಒತ್ತಿಸಿದ್ದು ಕಣೇ, ಅಂಬಿಕಾ."

"ರೇಷನ್ ಅಂಗಡಿ ಮೆಷಿನ್ನಿಗೆ ಇಂಕು ಯಾಕೆ ಬೇಕು?"

ಅತ್ತೆ ಕಿಟಕಿಯ ಕಡೆ ತಿರುಗಿದಳು.

"ನಂಗೆ ಸಹಿ ಮಾಡಾಕೆ ಬರ್ತೈತೆ. ನಿದ್ದೇಲಿದ್ದಾಗ ಯಾಕೆ ಒತ್ತಿಸ್ಕೊಂಡ್ರಿ?"

"ಕೇಳಿದ್ರೆ ಒಪ್ತಿದ್ಯಾ? ಒಂದು ಕೂಸು ಸಾಕು. ಹೆರಿಗೆ ಜೊತೆಗೇ ಮಕ್ಕಳಾಗದಂಗೆ ಆಪರೇಷನ್ನೂ ಆಗ್ಲಿ."

"ಇವ್ರಿಗೆ ಗೊತ್ತೈತಾ?"

"ನೀನೇ ಕೇಳ್ಕೊಂಡಂಗೆ ಅರ್ಜಿ ಬರೆದಿದ್ದೇ ನಿನ್ನ ಗಂಡ."

ಅಂಬಿಕಾಳ ಕೈ ಹೊಟ್ಟೆಯ ಮೇಲಕ್ಕೆ ಹೋಯಿತು.

"ನಿಂಗೆ ಕಣ್ಣಿಲ್ಲ, ನಂಗೆ ಮಂಡಿ ನೋವು. ಇನ್ನೊಂದಾದ್ರೆ ಯಾರು ನೋಡ್ಕಬೇಕು?"

"ಡಾಕ್ಟ್ರು ಕೇಳಿದ್ರೆ ಬೇಡ ಅಂತೀನಿ."

"ಕೇಳಿದಾಗ ನೋಡಾನ."

ಯಶೋಧರಾ ತನಗೇ ತಿಳಿಯದಂತೆ ತನ್ನ ಹೆಬ್ಬೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಆಸ್ಪತ್ರೆ ಸ್ಟಾಪು, ಇಳೀರಿ!" ಎಂದು ಕಂಡಕ್ಟರ್ ಕೂಗಿದ. ಅತ್ತೆ ಚೀಲ ಎತ್ತಿಕೊಂಡು ಮುಂದಾದಳು. ಅಂಬಿಕಾ ಎದ್ದು, ಕಂಬಿ ಹಿಡಿದು ಅಲ್ಲೇ ನಿಂತಳು.

"ಅತ್ತೆ, ಒಳಗೆ ನಂಗೆ ಮಂಪರು ಬರೋ ಇಂಜೆಕ್ಷನ್ ಕೊಡ್ತಾರಾ?"

"ಬಾ, ಭುಜ ಹಿಡ್ಕ."

ಅಂಬಿಕಾ ಗಾಳಿಯಲ್ಲಿ ಕೈ ಚಾಚಿ ತಡಕಾಡಿದಳು. ಹಿಡಿಯಲು ಅವಳಿಗೆ ಇದ್ದದ್ದು ಆ ಭುಜ ಒಂದೇ. ಅತ್ತೆಯ ಬಿಳಿ ಸೆರಗನ್ನು ಗಟ್ಟಿಯಾಗಿ ಒತ್ತಿಕೊಂಡೇ ಆ ನೀಲಿ ಹೆಬ್ಬೆಟ್ಟು ಬಸ್ಸಿಳಿದು ಆಸ್ಪತ್ರೆಯ ಗೇಟಿನೊಳಗೆ ಹೋಯಿತು.