ದೊರೆಯ ಕುರ್ಚಿ ಹೊತ್ತವರು

ಬಣಕಲ್‌ನಲ್ಲಿ ಕೊನೇ ಬಸ್ಸು ಇಳಿದು, ಆಲದಮರದ ದಾರಿಯಲ್ಲಿ ಒಬ್ಬನೇ ನಡೆದು ಬರುವಾಗ ನಮ್ಮ ಚಿಕ್ಕಪ್ಪನ ಮಗ ರಾಜೀವನಿಗೆ ಆದದ್ದು ಇದು. ಕಳೆದ ಡಿಸೆಂಬರ್‌ನಲ್ಲಿ. ಹಗಲು ಕಾಫಿ ಕೊಯ್ಲು, ರಾತ್ರಿ ಹೋಂಸ್ಟೇ ಗೆಸ್ಟುಗಳ ಚಾಕರಿ... ಅವನು ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನ ಆಗಿತ್ತು. ಹೆದರುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ಅದೂ ಇರಲಿಲ್ಲ.

ಹೆಗಲ ಮೇಲೆ ಚೌಕಟ್ಟು ಹಾಕಿದ ಒಂದು ಚಿತ್ರ ಹೊತ್ತಿದ್ದ. ಅವನ ಸಾಹುಕಾರ್ರು ಮಲ್ಲಿಕಾರ್ಜುನಪ್ಪನವರಿಗೆ ಈಗ ಹೋಂಸ್ಟೇ ಮಾಡಿರುವ ಬಂಗಲೆಯ ಅಟ್ಟದಲ್ಲಿ ಸಿಕ್ಕಿದ್ದು. ಬ್ರಿಟಿಷರ ಕಾಲದಲ್ಲಿ ತಗಡಿನಲ್ಲಿ ಕೊರೆದು ಕಾಗದದ ಮೇಲೆ ಅಚ್ಚು ಹೊಡೆದದ್ದಂತೆ. ಕುಂಬಳಕಾಯಿ ಹೊಟ್ಟೆಯ ಬಿಳಿ ದೊರೆ ಬಾಯಲ್ಲಿ ಚುಟ್ಟಾ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಾನೆ. ಕುರ್ಚಿಗೆ ಕಟ್ಟಿದ ಬಿದಿರು ಹೊತ್ತು ನಾಲ್ಕು ಜನ, ಕಡ್ಡಿ ಕಾಲಿನವರು, ನಾಲಿಗೆ ಹೊರಗೆ. ನೋಡಿ ನಗಲಿ ಅಂತ ಬರೆದದ್ದು. ಹಿಂದೆ ಆಲದಮರ. ಅದರ ಬುಡದಲ್ಲಿ ದಾರಿಹೋಕರು ಹೊರೆ ಇಳಿಸಿ ಸುಧಾರಿಸಿಕೊಳ್ಳುವ ಕಲ್ಲು. ನಮ್ಮ ದಾರಿಯಲ್ಲಿ ಈಗಲೂ ಇದೆಯಲ್ಲ, ಅದೇ ಕಲ್ಲು.

ಮೂಡಿಗೆರೆಯಲ್ಲಿ ಗಾಜು ಹಾಕಿಸಿಕೊಂಡು ಬಾ ಅಂತ ಕಳಿಸಿದ್ದರು. "ಎಲ್ಲೂ ಕೆಳಗಿಡಬೇಡ ಮಾರಾಯ. ಗಾಜು ಒಡೆದ್ರೆ ನಾಳೆಯಿಂದ ಕೆಲಸಕ್ಕೆ ಬರೋದೇ ಬೇಡ ನೀನು" ಅಂತಲೂ ಅಂದಿದ್ದರು.

ಮರ ಹತ್ತಿರವಾದಂತೆ ಹಿಂದೆ ಸದ್ದು. ತಪ್... ತಪ್... ಬರಿಗಾಲು. ಆಮೇಲೆ ಬಿದಿರು ಬಳುಕುವ ಸದ್ದು. ಕಿರ್ರ್... ಕಿರ್ರ್... ಇವನು ನಿಂತರೆ ಅದೂ ನಿಲ್ಲುತ್ತೆ. ಹೆಗಲ ಮೇಲಿನದ್ದು ಭಾರವಾಗುತ್ತಾ ಬಂತು. ಹಸಿ ಕಾಫಿ ಮೂಟೆಯಷ್ಟು ಭಾರ.

ಕಿವಿಯ ಪಕ್ಕದಲ್ಲೇ ಯಾರದೋ ಏದುಸಿರು.

"ಇಳಿಸೋ ಮಾರಾಯ..."

"ಇಳಿಸೋ ಹಾಗಿಲ್ಲ. ಕೆಲಸ ಹೋಗುತ್ತೆ" ಅಂದನಂತೆ ರಾಜೀವ, ತಿರುಗಿ ನೋಡದೆ.

"ನಮಗೂ ಹಾಗೇ ಹೇಳಿದ್ರು..."

ರಾಜೀವ ಅತ್ತುಬಿಟ್ಟ. ಹೆದರಿಕೆಗಲ್ಲ, ಸುಸ್ತಿಗೆ. ಚಿತ್ರವನ್ನು ಆ ಕಲ್ಲಿನ ಮೇಲೆ ಇಳಿಸಿ ಬುಡದಲ್ಲಿ ಕೂತ. ಸುತ್ತಲೂ ತರಗೆಲೆ ಸರಕ್ ಅಂದಿತು, ಯಾರೋ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂತ ಹಾಗೆ. ಉಸ್ಸಪ್ಪಾ... ಅಂತ ಒಂದು ಉಸಿರು. ಅಷ್ಟೇ. ಅವನಿಗೆ ನಿದ್ದೆ ಹತ್ತಿತು.

ಚಳಿಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಗಾಜು ಒಡೆದಿರಲಿಲ್ಲ. ಆದರೆ ಚಿತ್ರವನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದ. ದೊರೆ ಇದ್ದಾನೆ, ಚುಟ್ಟಾ ಇದೆ. ಕುರ್ಚಿಯ ಕೆಳಗೆ ಯಾರೂ ಇಲ್ಲ. ಬಿದಿರಿನ ತುದಿಗಳು ಹಾಗೇ ಗಾಳಿಯಲ್ಲಿವೆ.

ಕೆಲಸ ಹೋಯಿತು ಅಂದುಕೊಂಡೇ ತಂದುಕೊಟ್ಟ. ಸಾಹುಕಾರ್ರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಗಾಜಿಗೆ ಬೆರಳಲ್ಲಿ ತಟ್ಟಿದರು. ಟಿಣ್ ಅಂತು.

"ಚೆನ್ನಾಗಿದೆ. ಹಾಲ್‌ನಲ್ಲಿ ನೇತುಹಾಕು" ಅಂದರು.

ಕತೆ ಕಟ್ಟುವಷ್ಟು ತ್ರಾಣ ಈ ಹೊತ್ತಿನಲ್ಲಿ ನನಗಿಲ್ಲ. ನಾನೇ ಹೋಗಿ ಕಣ್ಣಾರೆ ನೋಡಿ ಬಂದಿದ್ದೇನೆ. ಈಗಲೂ ಅಲ್ಲೇ ಇದೆ. ಗೆಸ್ಟುಗಳು ದೊರೆಯ ಹೊಟ್ಟೆ ನೋಡಿ ನಗುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕುರ್ಚಿ ಹೊತ್ತವರು ಎಲ್ಲಿ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.