ಹುಲಿ ಹೊಡೆದ ಕೋವಿ

ಚುನಾವಣೆ ಬಂತೆಂದರೆ ಶೃಂಗೇರಿ ಸೀಮೆಯ ಕೋವಿಗಳೆಲ್ಲ ಮತದಾನ ಮುಗಿಯುವವರೆಗೆ ಪೊಲೀಸ್ ಠಾಣೆ ಸೇರಬೇಕು. ಮೊಬೈಲ್ ಕಳೆದುಕೊಂಡು ದೂರು ಕೊಡಲು ಬಂದ ಕುಸುಮಾ ಆ ಕೋವಿಗಳ ಸಾಲಿನಲ್ಲೇ ಸಿಕ್ಕಿಕೊಂಡಳು. ಅವಳ ಮುಂದೆ ನೆಮ್ಮಾರಿನ ವನಜಮ್ಮ, ಹಳೇ ಸೀರೆಯಲ್ಲಿ ಸುತ್ತಿದ್ದ ಜೋಡಿ ನಳಿಗೆ ಕೋವಿಯನ್ನು ಕೂಸಿನಂತೆ ಎತ್ತಿಕೊಂಡು ತಂದಿದ್ದರು. ಕೋವಿ ರಿಪೇರಿಯ ಸುಂದರೇಶ್ ಅದರ ನಳಿಗೆ ಕಳಚಿ, ಅಡಿಭಾಗಕ್ಕೆ ಮೊಬೈಲ್ ಬೆಳಕು ಹಿಡಿದಿದ್ದ.

“ವನಜಕ್ಕ, ನಿಮ್ಮ ಮಾವ ಹುಲಿ ಹೊಡೆದದ್ದು ಯಾವಾಗ?”

“ಸ್ವಾತಂತ್ರ್ಯ ಬರೋಕೂ ಮುಂಚೆ ಮಾರಾಯ. ಜಗಲೀಲಿ ಫೋಟೋ ಇಲ್ವಾ?”

“ಇದೇ ಕೋವೀಲಾ?”

“ಮತ್ತೆ? ಆಯುಧಪೂಜೆ ದಿನ ಮೊದಲ ಆರತಿ ಇದಕ್ಕೇ.”

“ಇಲ್ಲಿ ನೋಡಿ, ಕಿರೀಟ, ಅದರಡಿ ಮೂರಕ್ಷರ. ಇಂಗ್ಲೆಂಡಲ್ಲಿ ಕೋವಿ ಪರೀಕ್ಷೆ ಮಾಡಿ ಒತ್ತೋ ಮುದ್ರೆ. ಈ ನಮೂನೆ ಶುರುವಾದ್ದೇ ಸಾವಿರದ ಒಂಬೈನೂರ ಐವತ್ನಾಲ್ಕರಲ್ಲಿ. ಹುಲಿ ಸಾಯೋವಾಗ ಈ ಕೋವಿ ಹುಟ್ಟಿರ್ಲೇ ಇಲ್ಲ.”

ವನಜಮ್ಮ ಸೆರಗಿನಿಂದ ಆ ಮುದ್ರೆಯನ್ನು ಉಜ್ಜಿ ನೋಡಿದರು.

“ಪಾಲಾಗುವಾಗ ಈ ಕೋವೀನೇ ಬೇಕು ಅಂತ ನಮ್ಮನೆಯವ್ರು ಕೆರೆ ಕೆಳಗಿನ ಗದ್ದೇನ ಅಣ್ಣಂಗೆ ಬಿಟ್ಕೊಟ್ರು.”

“ಅಯ್ಯೋ!”

“ಅಯ್ಯೋ ಎಂತಕ್ಕೆ? ಕೋವಿ ಕೊಡು ಅಂತ ಭಾವ ಈಗ್ಲೂ ಜೀವ ತಿಂತಿದಾರೆ. ಗದ್ದೆ ವಾಪಸ್ ಕೊಡಿ, ತಗಂಡ್ಹೋಗಿ ಅಂತೀನಿ.”

“ಅವ್ರು ಮುದ್ರೆ ನೋಡಿದ್ರೆ?”

“ಈ ಕೋವಿ ಕಂಡ್ರೆ ಅವ್ರಿಗೆ ಹುಲಿ ಬಿಟ್ಟು ಬೇರೆ ಎಂತದೂ ಕಾಣಲ್ಲ. ನೀ ಬಾಯಿ ಮುಚ್ಕೊಂಡಿರು.”

ಒಳಗಿನಿಂದ ಕರೆ ಬಂತು. ವನಜಮ್ಮ ನಳಿಗೆ ಜೋಡಿಸಿಕೊಂಡು, ಸೀರೆ ಸುತ್ತಿ, ಇಡೀ ಸಾಲಿಗೆ ಕೇಳುವಂತೆ ಹೇಳುತ್ತ ಒಳಗೆ ಹೋದರು:

“ಜೋಪಾನ ಸ್ವಾಮಿ, ಹುಲಿ ಹೊಡೆದ ಕೋವಿ!”